ಹೊಟ್ಟೆನೋವಿನ ರಿಜಿಸ್ಟರ್

ನಾನು ಶಾಲೆಯ ನರ್ಸು. ಮಾತ್ರೆ ಕೊಡುವುದಕ್ಕಿಂತ ಗದರುವುದೇ ಹೆಚ್ಚೆಂದು ಮಕ್ಕಳು ನನ್ನನ್ನು ‘ಗುಡುಗಮ್ಮ’ ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನ ಕೋಣೆಯ ಎರಡು ಮಂಚ ಖಾಲಿಯಿದ್ದ ದಿನವಂತೂ ಇಲ್ಲ.

ಮಕ್ಕಳ ಆರೋಗ್ಯ, ನೆಮ್ಮದಿಯ ಬಗ್ಗೆ ಅಧ್ಯಯನ ಮಾಡಲು ಬಂದಿದ್ದ ಸಂಶೋಧಕಿ ಎರಡು ದಿನ ನನ್ನ ರಿಜಿಸ್ಟರ್ ಓದಿದಳು. ಮೂರನೆಯ ದಿನ ನಮ್ಮನ್ನೆಲ್ಲ ಕರೆಸಿದ ಹೆಡ್‌ಮಾಸ್ಟರ ಮುಂದೆ ಹೇಳಿದಳು: “ಒಂದೇ ವರ್ಷದಲ್ಲಿ ನಾನೂರ ಹನ್ನೆರಡು ಹೊಟ್ಟೆನೋವು ಸರ್. ಊಟದಲ್ಲೇ ಏನೋ ಇರಬೇಕು.”

ಶಾಲೆಯ ಅಡುಗೆಯವಳು ನನ್ನ ಓರಗಿತ್ತಿ. ಹದಿನೈದು ವರ್ಷದಿಂದ ಮುಖ ಕಾಣುವಂತೆ ಪಾತ್ರೆ ತಿಕ್ಕಿದವಳು. “ತನಿಖೆ ಮುಗಿಯೋವರೆಗೂ ನೀವು ಬರೋದು ಬೇಡ” ಎಂದರು ಹೆಡ್‌ಮಾಸ್ಟರು. ಅವಳು ನನ್ನತ್ತ ತಿರುಗಿದಳು.

“ಅಕ್ಕಾ, ನನ್ನ ಕೈಯೂಟ ಉಂಡು ಯಾರಿಗಾದ್ರೂ ಹೊಟ್ಟೆ ಕೆಟ್ಟಿದೆಯಾ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರವೇ ಬಂದಿರಲಿಲ್ಲ.

“ಸರ್, ಅವಳ ಅಡುಗೆ ಸರಿಯಾಗೇ ಇದೆ. ಸುಳ್ಳು ಬರೆದವಳು ನಾನು” ಎಂದೆ. “ಕಾಯಿಲೆ ಇಲ್ಲದ ಮಗೂನ ಒಳಗೆ ಸೇರಿಸಬಾರದು ಅಂತ ನಿಯಮ ಮಾಡಿದ್ದು ನೀವು. ಮನೇಲಿ ಜಗಳ ಅಂತ ಅಳ್ತಾ ಬಂದ್ರೆ ಏನಂತ ಬರೀಲಿ? ಗೆಳತಿ ಮಾತು ಬಿಟ್ಟಳು ಅಂತ ಬಂದ್ರೆ? ಹೊಟ್ಟೆನೋವು ಅಂತ ಬರೆದು ಹತ್ತು ನಿಮಿಷ ಕೂರಿಸ್ಕೊಂಡೆ. ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ.”

ಹೆಡ್‌ಮಾಸ್ಟರು ರಿಜಿಸ್ಟರ್ ತಿರುವತೊಡಗಿದರು. ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಅವರ ಮೊಮ್ಮಗಳು ಆ ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದಿದ್ದಳು.

“ಹತ್ತು ನಿಮಿಷ ಆದ್ಮೇಲೆ ಏನ್ ಮಾಡ್ತಿದ್ರಿ?” ಸಂಶೋಧಕಿ ಕೇಳಿದಳು.

“ಮಾಡೋದೇನು, ಬೈದು ಕ್ಲಾಸಿಗೆ ಓಡಿಸ್ತಿದ್ದೆ. ನಗ್ತಾ ಓಡೋವು.”

ಅವಳೂ ನಕ್ಕಳು. “ಸರ್, ಮಕ್ಕಳ ನೆಮ್ಮದಿಗೆ ಏನು ಬೇಕು ಅಂತ ನಲವತ್ತು ಪ್ರಶ್ನೆ ಹೊತ್ಕೊಂಡು ಬಂದೆ. ಉತ್ತರ ಇಲ್ಲೇ ನಿಂತು ಬೈತಾ ಇದೆ.”

ಮರುದಿನವೂ ಓರಗಿತ್ತಿಯೇ ಸೌಟು ಹಿಡಿದಳು, ನನಗೆ ಒಂದು ಸೌಟು ಹೆಚ್ಚೇ ಬಡಿಸಿದಳು. ರಿಜಿಸ್ಟರಿನಲ್ಲಿ ಹೆಡ್‌ಮಾಸ್ಟರು ಸ್ವತಃ ಸ್ಕೇಲ್ ಹಿಡಿದು ಹೊಸ ಕಾಲಂ ಎಳೆದರು: ‘ಸುಮ್ಮನೆ ಕೂರಲು’. ಅಷ್ಟು ಖುಷಿಯಾಯಿತು ನೋಡಿ, ಅವತ್ತಿಡೀ ಯಾರನ್ನೂ ಗದರಲಿಲ್ಲ. ಗುಡುಗಮ್ಮನಿಗೇ ಹುಷಾರಿಲ್ಲವೇನೋ ಎಂದು ಮಕ್ಕಳು ಬಂದು ಹಣೆ ಮುಟ್ಟಿ ನೋಡಿದವು.

ಶನಿವಾರ ಮೀಟಿಂಗ್ ಮುಗಿಸಿ ಸುಸ್ತಾಗಿದ್ದ ಹೆಡ್‌ಮಾಸ್ಟರು ನನ್ನ ಬಾಗಿಲಲ್ಲಿ ನಿಂತರು.

“ಸಿಸ್ಟರ್, ಯಾಕೋ ಸ್ವಲ್ಪ ಹೊಟ್ಟೆನೋವು.”

“ಸುಳ್ಳು ಹೇಳ್ಬೇಡಿ ಸರ್, ಅದಕ್ಕೀಗ ಬೇರೆ ಕಾಲಂ ಇದೆ” ಎಂದು ಗದರಿ, ಮಂಚದ ಮೇಲಿದ್ದ ಅವರ ಮೊಮ್ಮಗಳಿಗೆ ಸ್ವಲ್ಪ ಸರಿದು ಕೂರಲು ಹೇಳಿದೆ.