ಪೇರಲ ಕದ್ದ ಹುಡುಗಿಯ ಆಟ

ನಿಖಿತಾ ಮೊದಲೆರಡು ಭಾನುವಾರ ಮಕ್ಕಳಿಗೆ ಕಲಿಸಿದ್ದು ಪರದೆಯ ಮೇಲೆ ಚೌಕವೊಂದನ್ನು ಎಡಕ್ಕೆ, ಬಲಕ್ಕೆ ಓಡಿಸುವುದನ್ನು. ಮೂರನೆಯ ವಾರ ನಿಗಡಿಯ ಕನ್ನಡ ಸಂಘದ ಕೋಣೆಗೆ ಹನ್ನೊಂದರಲ್ಲಿ ನಾಲ್ಕೇ ಮಕ್ಕಳು ಬಂದರು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದೇ ಹಡಪಸರದ ಕಚೇರಿಯಲ್ಲಿ ಅವಳು ದಿನವಿಡೀ ಮಾಡುವ ಕೆಲಸ. ಆದರೂ ಅದನ್ನು ಮಕ್ಕಳಿಗೆ ಹೇಳಿಕೊಡಲು ಬರಲಿಲ್ಲ ಎಂಬುದು ಅವಳಿಗೆ ಮನವರಿಕೆಯಾಯಿತು.

ಅಂದು ಅವಳು ಲ್ಯಾಪ್‌ಟಾಪ್‌ಗಳನ್ನು ಮುಚ್ಚಿಸಿ, "ಯಾರಾದ್ರೂ ಒಂದು ಕಥೆ ಹೇಳಿ, ಅದನ್ನೇ ಗೇಮ್ ಮಾಡೋಣ" ಎಂದಳು.

ಹತ್ತು ವರ್ಷದ ರೇಣು ಹೇಳಿದಳು. ಒಬ್ಬ ಹುಡುಗಿ ಪಕ್ಕದ ಮನೆಯ ಗಿಡದಿಂದ ಪೇರಲ ಕದ್ದು ತಿಂದು ಮನೆಗೆ ಬರುತ್ತಾಳೆ. ಅವ್ವ "ಕದ್ದಿಯೇನು?" ಎಂದು ಕೇಳುತ್ತಾಳೆ. ಹೌದು ಅನ್ನಬೇಕೋ, ಇಲ್ಲ ಅನ್ನಬೇಕೋ, ಆಡುವವರು ಆರಿಸಬೇಕು.

ಮಧ್ಯಾಹ್ನದೊಳಗೆ ಆಟ ಸಿದ್ಧವಾಯಿತು. ಆದರೆ ಕದ್ದು ಬಂದರೂ, ಕದಿಯದೆ ಬಂದರೂ, "ಇಲ್ಲ" ಎಂದೊಡನೆ ಅವ್ವ ನಂಬಿ ಊಟಕ್ಕೆ ಕರೆಯುತ್ತಿದ್ದಳು. ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ರೇಣು ನಗಲಿಲ್ಲ.

"ಅವ್ವಗ ಗೊತ್ತಾಗಬೇಕಲ್ಲ, ಮಿಸ್?"

"ಹುಡುಗಿ ಕದ್ದಿದ್ದು ಕಂಪ್ಯೂಟರ್‌ಗೇ ನೆನಪಿಲ್ಲ. ನೆನಪಿಡೋಕೆ ಅದಕ್ಕೊಂದು ಡಬ್ಬಿ ಕೊಡಬೇಕು" ಎಂದ ನಿಖಿತಾ, ಅದನ್ನು ಮಾಡುವುದು ಹೇಗೆಂದು ತೋರಿಸಿದಳು. ಎರಡು ವಾರ ಬೋರ್ಡಿನ ಮೇಲೆ ಬರೆದು ತಿಳಿಸಲಾಗದ್ದು ಎರಡು ನಿಮಿಷದಲ್ಲಿ ತಿಳಿಯಿತು. ರೇಣು ಅಲ್ಲಿಗೆ ನಿಲ್ಲಲಿಲ್ಲ. ಯಾರೂ ನೋಡದಿದ್ದರೆ ಅವ್ವನಿಗೆ ಹೇಗೆ ಗೊತ್ತಾಗುತ್ತದೆ? ಹಲ್ಲಿನಲ್ಲಿ ಬೀಜ ಸಿಕ್ಕಿಕೊಂಡಿರಬೇಕು. ಬಾಯಿ ಮುಕ್ಕಳಿಸಿ ಬಂದಿದ್ದರೆ? ಅದಕ್ಕೆ ಇನ್ನೊಂದು ಡಬ್ಬಿ.

ರೇಣುವನ್ನು ಕರೆದೊಯ್ಯಲು ಅವಳ ಅಪ್ಪ ಸಿದ್ದಾರೂಢ ಬಂದ. ಅವನದು ಆಕುರ್ಡಿಯಲ್ಲಿ ಪಾತ್ರೆ ಅಂಗಡಿ. ಪರದೆಯ ಮೇಲಿನ ಪೇರಲ ಗಿಡವನ್ನು ನೋಡಿ, "ಇದು ಸಾಲಿ ಪರೀಕ್ಷಾದಾಗ ಬರ್ತದೇನ್ರಿ, ಮೇಡಂ?" ಎಂದು ಕೇಳಿದ.

"ಇಲ್ಲ ಸರ್. ಒಂದ್ಸಲ ನೀವೇ ಆಡಿ ನೋಡಿ."

ಸಿದ್ದಾರೂಢ ನಿಂತುಕೊಂಡೇ ಆಡಿದ. ಪೇರಲ ಕದ್ದ, ಬಾಯಿ ಮುಕ್ಕಳಿಸಿದ, "ಇಲ್ಲ" ಅಂದ. ಅವ್ವ ನಂಬಿದಳು. ಮತ್ತೆ ಮೊದಲಿನಿಂದ ಆಡಿ ಈ ಸಲ "ಹೌದು" ಒತ್ತಿದ. ಆಟ ಅಲ್ಲಿಗೇ ನಿಂತಿತು.

"ಮುಂದ?"

"ಇನ್ನೂ ಬರದಿಲ್ಲ, ಅಪ್ಪಾ. ಅವ್ವ ಏನ್ ಮಾಡ್ತಾಳ, ನೀ ಹೇಳು."

"ಏನ್ ಮಾಡ್ತಾಳ, ಹೊಡೀತಾಳ."

"ನಮ್ಮವ್ವ ಹೊಡಿಯಂಗಿಲ್ಲ."

"ನಮ್ಮವ್ವ ಹೊಡೀತಿದ್ಲು" ಎಂದ ಅವನು. "ಹೊಡದು, ಆಮ್ಯಾಲ ತಾನ ಅಳಕೋತ ಕುಂದರ್ತಿದ್ಲು."

ರೇಣು ಅಪ್ಪನ ಮುಖ ನೋಡಿದಳು. "ಹಂಗಾದ್ರ ಎರಡ್ ದಾರಿ ಮಾಡಬೇಕು" ಎಂದು ಮತ್ತೆ ಕೀಲಿಮಣೆಗೆ ಕೈ ಹಾಕಿದಳು. ಸಿದ್ದಾರೂಢ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತ. ಅಳುವ ಅವ್ವನ ಮುಂದೆ ಹುಡುಗಿ ಏನು ಮಾಡಬೇಕು ಎಂಬುದರ ಮೇಲೆ ಇಬ್ಬರಿಗೂ ವಾದ ಹತ್ತಿತು. ಅಪ್ಪ ಸುಮ್ಮನೆ ಹೊರಗೆ ಹೋಗಬೇಕೆಂದ. ಮಗಳು ನೀರು ತಂದುಕೊಡಬೇಕೆಂದಳು.

ನಿಖಿತಾಗೆ ಬಸ್ಸಿನ ಹೊತ್ತಾಗಿತ್ತು. ಎರಡು ಸಲ ಹೇಳಿದರೂ ಅವರಿಬ್ಬರೂ ಏಳಲಿಲ್ಲ. ಕೋಣೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಬಾಗಿಲು ಹಾಕಿಕೊಂಡು ಹೋಗಲು ಸಿದ್ದಾರೂಢನಿಗೆ ಹೇಳಿ ಅವಳು ಹೊರಟಳು. ಮುಂದಿನ ಭಾನುವಾರ ಏಳು ಮಕ್ಕಳು ಬಂದರು.