ಬಾಗಿಲ ಬಳಿಯ ಚಪ್ಪಲಿಗಳು

ಗಂಡ ಬಿಟ್ಟುಹೋದ ಹೆಂಗಸರಿಗೆ ಸರ್ಕಾರ ಕೊಡುವ ಸಹಾಯಧನ ನನಗೂ ಬರುತ್ತಿತ್ತು. ಹೋದವನು ಕದ್ದುಮುಚ್ಚಿ ವಾಪಸ್ಸು ಬಂದಿದ್ದಾನೋ ಎಂದು ನೋಡಲು ಆಗಾಗ ಕಚೇರಿಯಿಂದ ಒಬ್ಬ ಮೇಡಂ ಮನೆಗೆ ಬರುತ್ತಿದ್ದರು. ಮೊದಲು ಬಾಗಿಲ ಬಳಿಯ ಚಪ್ಪಲಿ ನೋಡುವರು: ನನ್ನದೊಂದು ಜೊತೆ, ಮಗಳದೊಂದು ಜೊತೆ. ಆಮೇಲೆ ಪರದೆ ಸರಿಸುವುದು, ಬಚ್ಚಲಲ್ಲಿ ಗಡ್ಡದ ಬ್ಲೇಡು ಹುಡುಕುವುದು. ಚಪ್ಪಲಿ ಮೇಡಂ ಎಂದೇ ನಾವು ಹೆಸರಿಟ್ಟಿದ್ದೆವು. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಲಾಂಡ್ರಿಯಿಂದ ಇಸ್ತ್ರಿಗೆ ತಂದಿದ್ದ ಶರ್ಟು ಎತ್ತಿ ಹಿಡಿದು, ಮಗಳ ಎದುರಿಗೇ "ಇದು ಯಾರದು?" ಎಂದರು. ಮೈಯೆಲ್ಲ ಉರಿದುಹೋಯಿತು.

ನುಂಗಿಕೊಂಡೆ. ಲಾಂಡ್ರಿಯ ಕೂಲಿ ಬಾಡಿಗೆಗೇ ಸರಿಹೋಗುತ್ತಿತ್ತು. ಆ ಸಹಾಯಧನ ನಿಂತರೆ ಮಗಳನ್ನು ಅಕ್ಕನ ಮನೆಗೆ ಬಿಡಬೇಕಿತ್ತು. ಅಕ್ಕ ಕೇಳುತ್ತಲೇ ಇದ್ದಳು. ಅನ್ನ ಹಾಕುತ್ತಾಳೆ, ನಿಜ. ಶಾಲೆ ಬಿಡಿಸಿ ಮನೆಯ ಚಾಕರಿಯನ್ನೂ ಮಾಡಿಸುತ್ತಾಳೆ.

ಹೀಗಿರುವಾಗ ಅವನು ವಿಚ್ಛೇದನ ಕೇಳಿದ. ಪೀಡೆ ತೊಲಗಲಿ ಎಂದು ಒಪ್ಪಿಕೊಂಡೆ. ಅವನಿಂದ ಜೀವನಾಂಶ ಬರುವುದು ಅಷ್ಟರಲ್ಲೇ ಇತ್ತು. ತೀರ್ಪು ಕೈಗೆ ಬಂದಾಗ ಯಾರೂ ಕರೆಯದಿದ್ದರೂ ನಾನೇ ಕಚೇರಿಗೆ ಓಡಿದೆ.

"ಅವ್ನು ಇನ್ನು ಬರಲ್ಲ ಅಂತ ಕೋರ್ಟೇ ಹೇಳಿದೆ ಮೇಡಂ. ನೀವಿನ್ನು ಮನೆಗೆ ಬಂದು ಹುಡುಕೋದು ಬೇಡ."

ಚಪ್ಪಲಿ ಮೇಡಂ ಓದಿ ಹಣೆ ಒತ್ತಿಕೊಂಡರು.

"ಅಯ್ಯೋ, ಇದನ್ನ ಯಾಕಮ್ಮಾ ತಂದೆ? ಈ ದುಡ್ಡು ಗಂಡ ಬಿಟ್ಟುಹೋದೋರಿಗೆ. ನಿಂಗೀಗ ಗಂಡನೇ ಇಲ್ವಲ್ಲ."

"ಬಿಟ್ಟುಹೋಗಿದ್ದಕ್ಕೇ ಅಲ್ವಾ ಇಲ್ದೇ ಇರೋದು?"

"ನಂಗೆ ಗೊತ್ತಾಗತ್ತೆ. ರೂಲ್ಸು ಒಪ್ಪಲ್ಲ."

"ವಿಧವೆಯರಿಗೆ ಕೊಡೋದು ಸಿಗಲ್ವಾ?"

"ಅವ್ನು ಸತ್ತಿಲ್ವಲ್ಲಮ್ಮಾ."

"ಅದೂ ನನ್ನ ತಪ್ಪಾ ಮೇಡಂ?"

ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ. "ನೀವು ಇದನ್ನ ನೋಡೇ ಇಲ್ಲ ಅಂದ್ಕೊಳ್ಳಿ" ಎಂದು ತೀರ್ಪಿಗೆ ಕೈ ಚಾಚಿದೆ. ಅವರು ಪಕ್ಕದ ಮೇಜಿನ ಗುಮಾಸ್ತನತ್ತ ಕಣ್ಣು ಹಾಯಿಸಿದರು. ಆತ ಬರೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಅವರ ಕೆಲಸವೂ ಉಳಿಯಬೇಕಲ್ಲ.

ಹಣ ನಿಂತಿತು. ಲಾಂಡ್ರಿಯಲ್ಲಿ ಎರಡು ಪಾಳಿ ದುಡಿದೆ, ಕೈ ಸುಟ್ಟುಕೊಂಡೆ, ಆದರೂ ನೀಗಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬಂದಳು. ಮಗಳು ಶಾಲೆಯ ಚೀಲಕ್ಕೇ ಬಟ್ಟೆ ತುಂಬಿಕೊಂಡಳು. ಪುಸ್ತಕ ಇಡಲು ಜಾಗ ಉಳಿಯಲಿಲ್ಲ.

"ಎಷ್ಟು ದಿನಮ್ಮಾ?"

"ಸ್ವಲ್ಪ ದಿನ ಕಂದಾ" ಎಂದೆ. ಅವಳು ನಂಬಲಿಲ್ಲ, ಆದರೂ ತಲೆಯಾಡಿಸಿದಳು.

ಈಗ ಬಾಗಿಲ ಬಳಿ ಒಂದೇ ಜೊತೆ ಚಪ್ಪಲಿ ಇದೆ. ನೋಡಲು ಯಾರೂ ಬರುವುದಿಲ್ಲ.