ಹಸಿ ಬಣ್ಣದ ಅಪ್ಪ

ಅಪ್ಪನ ಹೊಟ್ಟೆಯ ಮೇಲೆ ಕೂರುವ ಹಕ್ಕು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬ ಘನವಾದ ಪ್ರಶ್ನೆಯನ್ನು ಇತ್ಯರ್ಥಗೊಳಿಸಲು ಮನೆಯ ಹಿರಿಯರೆಲ್ಲ ಒಂದು ಭಾನುವಾರ ಸಭೆ ಸೇರಿದರು. ಹಿರಿಯರೆಂದರೆ ನಡುಮನೆಯ ಹಾಸಿಗೆಯಲ್ಲಿ ಅಂಗಾತ ಮಲಗಿದ್ದ ಪೇಂಟರ್, ಅವನ ಹೆಂಡತಿ, ಮತ್ತು ಮಗಳ ಸಂಸಾರದ ಬಗ್ಗೆ ಮೊದಲಿನಿಂದಲೂ ವಿಶೇಷ ಮುತುವರ್ಜಿ ವಹಿಸುತ್ತಿದ್ದ ಅತ್ತೆ. ಹಕ್ಕಿನ ಏಕೈಕ ವಾರಸುದಾರಳು ಬುಗುರಿ. ವಯಸ್ಸು ಎರಡೂವರೆ. ನಿಂತಲ್ಲಿ ನಿಲ್ಲದ್ದಕ್ಕೆ ಆ ಹೆಸರು ಬಿದ್ದಿತ್ತು. ಸಭೆ ನಡೆಯುತ್ತಿದ್ದಾಗಲೂ ಅವಳು ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ವಲಸೆ ಹೋಗುತ್ತಿದ್ದಳು.

ಪೇಂಟರ್ ಒಂದು ಶಾಲೆಯ ಮೆಟ್ಟಿಲ ಬಳಿ ಗೋಡೆಗೆ ಬಣ್ಣ ಹೊಡೆಯುತ್ತ ಏಣಿ ಸಮೇತ ಉರುಳಿದ್ದ. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಪಕ್ಕೆಲುಬು ಮುರಿದಿತ್ತು. ಬಣ್ಣದ ಡಬ್ಬ ಮಾತ್ರ ನೆಟ್ಟಗೆ ನಿಂತಿತ್ತಂತೆ, ಒಂದು ತೊಟ್ಟೂ ಚೆಲ್ಲಿರಲಿಲ್ಲವಂತೆ. ನೋಡಲು ಬಂದವರಿಗೆಲ್ಲ ಅವನು ಮೊದಲು ಹೇಳುತ್ತಿದ್ದದ್ದು ಇದನ್ನೇ. ಮೂಳೆ ಕೂಡುವ ತನಕ ಮೈಮೇಲೆ ಹೊದಿಕೆಗಿಂತ ಭಾರದ್ದು ಏನೂ ಬೀಳಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ತೊಂದರೆಯಿದ್ದದ್ದು ಇಲ್ಲೇ. ಬುಗುರಿಗೆ ಅಪ್ಪ ಎಂದರೆ ಹತ್ತುವ ವಸ್ತು. ಸಂಜೆ ಅವನು ಟರ್ಪೆಂಟೈನ್ ವಾಸನೆ ಹೊತ್ತು ಬಾಗಿಲಲ್ಲಿ ಕಂಡನೋ, ಮೊಣಕಾಲಿಗೆ ಒಂದು ಪಾದ, ಬೆಲ್ಟಿಗೆ ಇನ್ನೊಂದು, ಆಮೇಲೆ ಹೆಗಲು. ಕಿವಿಗಳಿದ್ದದ್ದು ಹಿಡಿದುಕೊಳ್ಳಲಿಕ್ಕೆ. ಮಾತು ಕಲಿಯುವ ಮೊದಲೇ ಅವಳು ಅವನನ್ನು ಹತ್ತಲು ಕಲಿತಿದ್ದಳು. ಅಪ್ಪ ಮಗಳ ನಡುವೆ ಅದನ್ನು ಬಿಟ್ಟು ಬೇರೆ ಮಾತುಕತೆಯೂ ಹೆಚ್ಚಿರಲಿಲ್ಲ.

ಮಗುವನ್ನು ತಮ್ಮೂರಿಗೆ ಕರೆದೊಯ್ಯುವುದಾಗಿ ಅತ್ತೆ ತೀರ್ಪು ಕೊಟ್ಟರು. ಮಗಳು ಕನ್ನಡಕದ ಅಂಗಡಿಯ ಕೆಲಸ ಬಿಡುವಂತಿಲ್ಲ, ಅಳಿಯ ಏಳುವಂತಿಲ್ಲ, ಇನ್ನೇನು ದಾರಿ ಎಂದರು. ಪೇಂಟರ್ ಮುಖ ಬಾಡಿದ್ದು ಕಂಡು ಸಮಾಧಾನದ ಮಾತನ್ನೂ ಆಡಿದರು.

"ಕೊರಗ್ಬೇಡಿ. ಚಿಕ್ಕ ಮಕ್ಕಳು, ಎರಡು ದಿನಕ್ಕೆ ಎಲ್ಲಾ ಮರ್ತುಬಿಡುತ್ವೆ."

ಅವನು ಬೆಚ್ಚಿಬಿದ್ದದ್ದು ಆ ಸಮಾಧಾನದಿಂದಲೇ. ತಾನು ಎದ್ದು ನಿಲ್ಲುವ ಹೊತ್ತಿಗೆ ಮಗಳು ಬೇರೆ ಯಾರದೋ ಹೆಗಲ ಮೇಲಿರುತ್ತಾಳೆ, ಬಾಗಿಲಲ್ಲಿ ನಿಂತ ತನ್ನನ್ನು ನೆಂಟನನ್ನು ನೋಡುವಂತೆ ನೋಡುತ್ತಾಳೆ ಎಂಬ ಚಿತ್ರ ಕಣ್ಣಿಗೆ ಕಟ್ಟಿತು.

"ಬೇಡ ಅತ್ತೆ. ಮಲಗಿದ್ದೇ ನೋಡ್ಕೋತೀನಿ. ಕೈ ಬಾಯಿ ಎರಡೂ ನೆಟ್ಟಗಿದೆಯಲ್ಲ."

"ಬಾಯಿಗೇನು, ಅದು ಯಾವತ್ತೂ ನೆಟ್ಟಗೇ ಇತ್ತು," ಎಂದರು ಅತ್ತೆ. ಒಂದು ವಾರ ನೋಡೋಣ ಎಂದು ತಮ್ಮ ಚೀಲವನ್ನು ಕಟ್ಟಿದ ಹಾಗೇ ಗೋಡೆಗೆ ಒರಗಿಸಿಟ್ಟರು.

ಪೇಂಟರ್ ಮಲಗಿದಲ್ಲಿಂದಲೇ ಕಂಟ್ರಾಕ್ಟರ್ ಆದ. ಬುಗುರಿಗೆ ಹಳೆಯ ಬ್ರಷ್ ಮತ್ತು ಒಂದು ಮಗ್ ನೀರು ಸಿಕ್ಕವು. ಎದುರಿನ ಗೋಡೆಗೆ ನೀರು ಬಳಿಯುವುದು ಅವಳ ಕೆಲಸ. ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಒಣಗಿರುತ್ತಿತ್ತು. ಇಂಥ ಮುಗಿಯದ ಕೆಲಸ ತನಗೆ ಒಂದಾದರೂ ಸಿಕ್ಕಿದ್ದರೆ ಮೂರಂತಸ್ತಿನ ಮನೆ ಕಟ್ಟುತ್ತಿದ್ದೆ ಎಂದು ಅವನು ಹೆಂಡತಿಗೆ ಹೇಳಿದ. ಕೆಳಗಿನ ಮನೆಯ ಟೈಲರಮ್ಮ ಮಧ್ಯಾಹ್ನ ಬಂದು ಮಗುವಿಗೆ ಉಣ್ಣಿಸಿ, ನೆಲ ಒರೆಸಿ, ಕಂಟ್ರಾಕ್ಟರನ್ನು ಬೈದು ಹೋಗುತ್ತಿದ್ದರು.

ಹಸಿ ಗೋಡೆಯನ್ನು ಮುಟ್ಟಬಾರದು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮೂಗನ್ನು ಗೋಡೆಯ ಹತ್ತಿರ ಒಯ್ದು ಗಂಭೀರವಾಗಿ ಪರೀಕ್ಷಿಸುತ್ತಿದ್ದಳು. ಆ ಭಂಗಿ ನೋಡಿದಾಗಲೇ ಪೇಂಟರ್‌ಗೆ ಉಪಾಯ ಹೊಳೆದದ್ದು.

"ಇವತ್ತು ಅಪ್ಪಂಗೂ ಬಣ್ಣ ಹೊಡ್ದಿದಾರೆ ಪುಟ್ಟಾ. ಅಪ್ಪ ಹಸಿ. ಮುಟ್ಟಿದ್ರೆ ಕೆಟ್ಟೋಗುತ್ತೆ. ಒಣಗಿದ್ಮೇಲೆ ಹತ್ತುವೆಯಂತೆ, ಆಯ್ತಾ?"

ಅವಳು ಕೈ ಹಿಂದೆ ಕಟ್ಟಿದಳು. ಮೂಗನ್ನು ಅವನ ಎದೆಯ ಬಳಿ ತಂದು ನೋಡಿದಳು. ಒಪ್ಪಿಕೊಂಡಳು.

ಉಪಾಯ ಎಷ್ಟು ಚೆನ್ನಾಗಿ ಫಲಿಸಿತೆಂದರೆ ವಾರ ಮುಗಿಯುವ ಮೊದಲೇ ಅತ್ತೆ ಚೀಲ ಎತ್ತಿಕೊಂಡು ಒಬ್ಬರೇ ಊರಿಗೆ ಹೊರಟರು. ಬಂದವರನ್ನೆಲ್ಲ ಬುಗುರಿ ಬಾಗಿಲಲ್ಲೇ ತಡೆದು, ಅಪ್ಪ ಹಸಿಯಾಗಿದೆ ಎಂದು ಎಚ್ಚರಿಸುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಅಂಚಿಗೆ ಬಂದು ಒಣಗಿತಾ ಎಂದು ವಿಚಾರಿಸುವಳು. ಇನ್ನೂ ಇಲ್ಲ ಎಂದರೆ ನಿಟ್ಟುಸಿರು ಬಿಟ್ಟು ಬ್ರಷ್ ಹುಡುಕಲು ಹೋಗುವಳು. ಟೈಲರಮ್ಮ ಒಂದು ದಿನ ಅವನ ಹಣೆ ಮುಟ್ಟಿ ಜ್ವರ ನೋಡಿದ್ದಕ್ಕೆ ಅವರ ಕೈಯನ್ನು ಅವರದೇ ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿದಳು. ಮನೆಯವರೆಲ್ಲ ನಕ್ಕರು. ಪೇಂಟರ್ ಕೂಡ ಪಕ್ಕೆ ಹಿಡಿದುಕೊಂಡು, ಆದಷ್ಟು ಕಡಿಮೆ ನಕ್ಕ.

ಒಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ನಿದ್ದೆಹೋಗಿದ್ದರು. ಗಾಳಿಗೆ ಅಡುಗೆಮನೆಯ ಬಾಗಿಲು ಧಡಾರನೆ ಬಡಿಯಿತು. ಬೆದರಿ ಎದ್ದ ಮಗುವಿಗೆ ಹಸಿ ಒಣಗಿದ್ದು ಯಾವುದೂ ನೆನಪಾಗಲಿಲ್ಲ. ಓಡಿಬಂದು ಹಳೆಯ ದಾರಿಯಲ್ಲೇ ಹತ್ತಿತು. ಮೊಣಕಾಲು ನೇರವಾಗಿ ಸೊಂಟದ ಮೇಲೆ ಬಿತ್ತು. ಪೇಂಟರ್ ಕಿರುಚಿದ ಕಿರುಚಿಗೆ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಮೇಲೆ ಬಂದರು. ಅವನ ಮುಖ ಸುಣ್ಣದಂತಾಗಿತ್ತು. ಬುಗುರಿ ಮೂಲೆಯಲ್ಲಿ ನಿಂತು ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಳು.

ಕೂಡುತ್ತಿದ್ದ ಮೂಳೆ ಸರಿದಿತ್ತು. ಅವನು ಆಸ್ಪತ್ರೆಯಿಂದ ತಿರುಗಿ ಬಂದಾಗ ಬುಗುರಿ ಹಾಸಿಗೆಯಿಂದ ದೂರ, ಕೋಣೆಯ ಆ ತುದಿಯಲ್ಲಿ ನಿಂತಿದ್ದಳು. ಕೈ ಬೆನ್ನ ಹಿಂದೆ.

"ಅಪ್ಪ ಕೆಟ್ಟೋಯ್ತು," ಎಂದಳು. "ನಾನು ಮುಟ್ಬಿಟ್ಟೆ."

ಹೆಂಡತಿ ಗಂಡನ ಮುಖ ನೋಡಿದಳು. ಅದು ಆಟ ಅಂತ ಹೇಳಿಬಿಡಿ, ಪಾಪ, ರಾತ್ರಿಯೆಲ್ಲ ಎದ್ದೆದ್ದು ಕೈ ತೊಳಿ ಅಂತ ನನ್ನ ಎಬ್ಬಿಸ್ತಾ ಇತ್ತು ಎಂದು ಮೆಲ್ಲಗೆ ಹೇಳಿದಳು. ಪೇಂಟರ್‌ಗೂ ಹೇಳಬೇಕೆನಿಸಿತು. ಆದರೆ ಸೊಂಟ ಸುತ್ತಿಗೆಯಲ್ಲಿ ಬಡಿದಂತೆ ನೋಯುತ್ತಿತ್ತು. ಆಟ ಎಂದುಬಿಟ್ಟರೆ ನಾಳೆ ಮತ್ತೆ ಹತ್ತುತ್ತಾಳೆ. ಇನ್ನೊಮ್ಮೆ ಮೂಳೆ ಸರಿದರೆ ಏಣಿಯನ್ನೇ ಮರೆಯಬೇಕು ಎಂದು ಡಾಕ್ಟರು ಬೇರೆ ಹೇಳಿ ಕಳಿಸಿದ್ದರು. ವಾಸಿಯಾದ ಮೇಲೆ ಹೇಳಿದರಾಯಿತು, ಎಲ್ಲಿ ಹೋಗುತ್ತಾಳೆ ಎಂದುಕೊಂಡ. ಮಗಳಿಗೆ, "ಇನ್ನೊಂದ್ಸಲ ಬಣ್ಣ ಹೊಡ್ದಿದಾರಮ್ಮ, ಒಣಗಲಿ," ಎಂದಷ್ಟೇ ಹೇಳಿದ.

ಆಮೇಲೆ ಮಗುವನ್ನು ಆಡಿಸುವುದು ಸುಲಭವಾಯಿತು. ಅವಳು ನೀರು ಬಳಿದಳು, ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿದಳು, ಶೇಡ್ ಕಾರ್ಡು ಬಿಡಿಸಿ ಬಣ್ಣಗಳಿಗೆ ತನಗೆ ತೋಚಿದ ಹೆಸರು ಇಟ್ಟಳು. ಎಲ್ಲವನ್ನೂ ದೂರದಿಂದ. ಬೆಳಿಗ್ಗೆ ಅಂಚಿಗೆ ಬಂದು ಕೇಳುವುದನ್ನು ನಿಲ್ಲಿಸಿದ್ದಳು. ಎಷ್ಟು ಚೆನ್ನಾಗಿ ಬುದ್ಧಿ ಬಂದಿದೆ ಮಗುವಿಗೆ ಎಂದು ಅತ್ತೆ ಫೋನಿನಲ್ಲಿ ಹೊಗಳಿದರು. ಪೇಂಟರ್ ಹೂಂಗುಟ್ಟಿದ.

ಮೂಳೆ ಕೂಡಿತು. ಊರುಗೋಲು ಕೂಡ ಬೇಡ, ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದರು ಡಾಕ್ಟರು. ಅವನು ಆಸ್ಪತ್ರೆಯಿಂದ ನಡೆದೇ ಬಂದ. ಹೆಂಡತಿ ಬೇಡವೆಂದರೂ ಹೊಸ ಅಂಗಿ ಹಾಕಿಕೊಂಡ. ನೆಲದ ಮೇಲೆ ಕಾಲು ಚಾಚಿ ಕೂತು ಮಗಳನ್ನು ಕರೆದ.

"ಬಾರೇ ಬುಗುರಿ. ಅಪ್ಪ ಒಣಗಿದಾನೆ. ಹತ್ತು ಬಾ."

ಬುಗುರಿ ಬಂದಳು. ಕೈ ಹಿಂದೆ ಕಟ್ಟಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಂದು ಬೆರಳು ಚಾಚಿ ಅವನ ತೋಳನ್ನು ಮುಟ್ಟಿದಳು. ಮುಟ್ಟಿದವಳೇ ಬೆರಳನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದಳು, ಕಿರುಚುತ್ತಾನೇನೋ ಎಂಬಂತೆ. ಅವನು ನಗುತ್ತಲೇ ಇದ್ದ. ಅದು ಬರೀ ಆಟ ಕಂದಾ, ನೀನೇನೂ ಕೆಡಿಸಿಲ್ಲ, ನಾನು ಸುಮ್ಮನೆ ಹೇಳಿದ್ದು ಎಂದ. ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

"ಬೇಡ. ಅಪ್ಪ ಚೆನ್ನಾಗಿದೆ," ಎಂದಳು.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಕೈ ಚಾಚಿದಳು. ಹೆಂಡತಿ ಅವಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಅವನು ಇನ್ನೂ ಕಾಲು ಚಾಚಿಯೇ ಕೂತಿದ್ದ.

"ಬಿಡ್ರಿ, ಇವತ್ತಲ್ಲ ನಾಳೆ ಬರ್ತಾಳೆ," ಎಂದಳು.

ಪೇಂಟರ್ ಮುಂದಿನ ವಾರ ಕೆಲಸಕ್ಕೆ ಹೋದ. ಬುಗುರಿ ಅವನನ್ನು ಮತ್ತೆ ಹತ್ತಲಿಲ್ಲ.